ಕಾಕಾನ ಕಂಪ್ಯೂಟರ್ ನನ್ನ ಲ್ಯಾಪ್‌ಟಾಪಿನೊಳಗೆ

ಈ ಸಲ ದಸರೆಗೆ ಮುಂಬೈ ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ಯಾರೋ ಸರ್ವರ್‌ಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಎಸಿ ಗಾಳಿಯಲ್ಲಿ ಆ ವಾಸನೆ ಬಂದದ್ದೇ ತಡ, ಮುಲುಂಡ್‌ನ ಕಾಕಾ ನೆನಪಾದರು... ಜೊತೆಗೆ ನನ್ನ ದಡ್ಡತನವೂ.

ಕಾಕಾ ನಮ್ಮ ಬಿಲ್ಡಿಂಗಿನ ಕೆಳಗೆ ಅಂಗಡಿಯಿಟ್ಟು ಕನ್ನಡ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದರು. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರೆಲ್ಲ ಅವರ ಗಿರಾಕಿಗಳು. ತಮ್ಮನ ಮದುವೆ ಬಂದರೆ ಅಣ್ಣನ ಪತ್ರಿಕೆ ತೆರೆದು ವಧೂವರರ ಹೆಸರಷ್ಟೇ ಬದಲಿಸುವುದು ಅವರ ಪದ್ಧತಿ. ಅಜ್ಜ, ಮುತ್ತಜ್ಜ, ಸೋದರಮಾವಂದಿರ ಸಾಲು ಹಾಗೇ ಉಳಿಯುತ್ತಿತ್ತು. ಒಬ್ಬ ಮಾವ ಮೇಲೆ ಕೆಳಗಾದರೆ ಮಂಟಪದಲ್ಲೇ ಜಗಳ!

ಆ ಪತ್ರಿಕೆಗಳೆಲ್ಲ ಇದ್ದದ್ದು ಒಂದು ಮುದಿ ಕಂಪ್ಯೂಟರಿನಲ್ಲಿ. ಅದು ದಿನಕ್ಕೆ ನಾಲ್ಕು ಸಲ ಸಾಯತೊಡಗಿತು. ಆಗ ತಾನೇ ಕಾಲೇಜಿನಲ್ಲಿ ವರ್ಚುವಲ್ ಮಷಿನ್ ಎಂಬ ಮಾತು ಕಲಿತಿದ್ದ ನಾನು ಎದೆ ಉಬ್ಬಿಸಿಕೊಂಡು ಹೋದೆ.

“ಕಾಕಾ, ಟೆನ್ಶನ್ ನಕೋ. ಈ ಪೂರಾ ಕಂಪ್ಯೂಟರ್‌ನ ಒಂದು ಫೈಲ್ ಮಾಡಿ ನನ್ನ ಲ್ಯಾಪ್‌ಟಾಪ್ ಒಳಗೆ ಚಾಲೂ ಮಾಡ್ತೀನಿ.”

“ಅಂದ್ರ ನಿನ್ನ ಲ್ಯಾಪ್‌ಟಾಪ್ ಬಸುರಾಗ್ತೈತಿ ಅನ್ನು. ಹೆರಿಗಿನೂ ನೀನ ಮಾಡಸಬೇಕು ನೋಡಲೇ.”

ಹೆರಿಗೆ ಮೂರು ವಾರ ಹಿಡಿಯಿತು. ಡಿಸ್ಕಿನ ನಕಲು ಅರ್ಧಕ್ಕೇ ನಿಲ್ಲುತ್ತಿತ್ತು. ಪೂರ್ತಿಯಾದಾಗ ಚಾಲೂ ಮಾಡಿದರೆ, ಕೆಟ್ಟು ನಿಂತಿತೆಂದು ಸಾರುವ ನೀಲಿ ಪರದೆ. ಡ್ರೈವರ್ ಬದಲಿಸಿದೆ, ನೀಲಿ. ಇನ್ನೊಂದು ಹಾಕಿದೆ, ನೀಲಿ. ತಲೆ ಚಚ್ಚಿಕೊಂಡು ನಾನೇ ನೀಲಿಯಾದೆ. ಕೊನೆಗೊಂದು ಮಧ್ಯಾಹ್ನ ಕಾಕಾನ ಪತ್ರಿಕೆಗಳ ಪಟ್ಟಿ ನನ್ನ ಪರದೆಯ ಮೇಲೆ ಮೂಡಿತು. ಅಂಗಡಿಯಲ್ಲೇ ಕುಣಿದೆ. ಒಂದನ್ನೂ ತೆರೆದು ನೋಡಲಿಲ್ಲ. ಕಾಕಾ ಊಟಕ್ಕೆ ಹೋಗಿದ್ದಾಗ, ಅದೇ ಉಮೇದಿನಲ್ಲಿ, ಹಳೇ ಡಬ್ಬವನ್ನು ಗುಜರಿ ಆಯುವ ಭಂಗಾರವಾಲಾನ ಕೈಗಾಡಿಗೆ ಹಾಕಿಬಿಟ್ಟೆ.

ಅದರ ಬೆನ್ನಿಗೆ ಬೆರಳುದ್ದದ ತುಂಡೊಂದು ಸಿಕ್ಕಿಕೊಂಡಿತ್ತು. ಪ್ರತಿ ಖಂಡೇನವಮಿಗೆ ಕಾಕಾ ಅದಕ್ಕೆ ಕುಂಕುಮ ಬಳಿದು ಕರಿದಾರ ಸುತ್ತುತ್ತಿದ್ದರು. ದೃಷ್ಟಿಗೆ ಕಟ್ಟಿದ ತಾಯಿತವೆಂದುಕೊಂಡು, ದೇವರ ಸಾಮಾನು ಮುಟ್ಟಬಾರದೆಂದು ಭಕ್ತಿಯಿಂದ ಹಾಗೇ ಕಳಿಸಿದ್ದೆ!

ಊಟ ಮುಗಿಸಿ ಬಂದ ಕಾಕಾ ಒಂದು ಪತ್ರಿಕೆ ಒತ್ತಿದರು. ಲಾಕ್ ಸಿಗಲಿಲ್ಲ ಎಂದಿತು ಪರದೆ.

“ಹಿಂದ ಲಾಕ್ ಚುಚ್ಚಿತ್ತಲ್ಲೋ, ಅದಿದ್ರನ ಪತ್ರಿಕಿ ತೆರಿತಾವ. ಎಲ್ಲೈತಿ?”

“ಯಾವ್ದು ಕಾಕಾ... ಕರಿದಾರದ್ದಾ?”

ಪಕ್ಕದ ಭಾಂಡುಪ್‌ವರೆಗೆ ಓಡಿದೆ, ಗಾಡಿಯವನು ಸಿಗಲಿಲ್ಲ. ಹೊಸ ಲಾಕ್ ಕೇಳೋಣವೆಂದರೆ, ಪತ್ರಿಕೆಯ ಆ ಸಾಫ್ಟ್‌ವೇರ್ ಮಾಡಿದವರು ಎಂದೋ ಬಾಗಿಲು ಹಾಕಿದ್ದರು.

ಕಾಕಾ “ಅಣ್ಣನ ಕಾರ್ಡ್ ಮನ್ಯಾಗಿದ್ರ ತರ್ರಿ” ಎಂದು ಗಿರಾಕಿಗಳಿಗೆ ಹೇಳುತ್ತ, ಬೇರೆ ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರು ಮೊದಲಿನಿಂದ ಹೊಡೆಯತೊಡಗಿದರು. ಕೆಲವು ವರ್ಷಕ್ಕೆ ಕಣ್ಣು ಸೋತವು. ಆಮೇಲೆ ಕಾಕಾನೂ ತೀರಿಹೋದರು.

ಆ ಫೈಲ್ ಈಗಲೂ ನನ್ನ ಬಳಿ ಇದೆ. ಹೋದ ವಾರ ನನ್ನ ಮದುವೆ ಗೊತ್ತಾಯಿತು. ಕಾಕಾ ಮಾಡಿಕೊಟ್ಟ ನನ್ನಣ್ಣನ ಪತ್ರಿಕೆ ಆ ಫೈಲಿನೊಳಗೇ ಬೀಗ ಹಾಕಿಕೊಂಡಿದೆ, ಅಚ್ಚಾದ ಒಂದು ಪ್ರತಿಯೂ ಮನೆಯಲ್ಲಿ ಉಳಿದಿಲ್ಲ. ಅಪ್ಪ ಮುತ್ತಜ್ಜನ ಹೆಸರಿಗೇ ತಡವರಿಸಿದರು. ಕಾಕಾಗೆ ನಮ್ಮ ಮನೆಯ ಸಾಲು ಪೂರ್ತಿ ಬಾಯಿಪಾಠವಿತ್ತು. ಆ ಮೂರು ವಾರ ಅವರ ಪಕ್ಕದಲ್ಲೇ ಕೂತಿದ್ದೆ, ಒಮ್ಮೆಯೂ ಕೇಳಿ ಬರೆದುಕೊಳ್ಳಲಿಲ್ಲ.