ಬೇಲಿಗೆ ಹೋದ ಗಂಗೆಯ ಕ್ಯಾನು

ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದೆ. ಪಕ್ಕದ ಮನೆ ಮಾವ ಬೆಳಗಿನ ಕಾಫಿ ಕುಡಿದು ಒರಗಿದವರು ಮತ್ತೆ ಏಳಲಿಲ್ಲ ಎಂದು ನಮ್ಮೆಜಮಾನರು ಬಂದು ಹೇಳಿದರು. ನರಳದೆ ಹೋದರಲ್ಲ, ದೇವರು ದೊಡ್ಡವನು. ಕಣ್ಣ ಮುಂದೆ ಬಂದದ್ದು ಅವರ ಬಲಗೈ: ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸದಾ ಒಂದು ಹಸಿ ಹುಲ್ಲೆಸಳು.

ನಂಟಸ್ತನವೇನಿಲ್ಲ, ಬಾಯಿಮಾತಿಗೆ ಮಾವ. ಅವರ ಗದ್ದೆ, ನಮ್ಮ ಗದ್ದೆ ಎರಡನ್ನೂ ಸುತ್ತಿದ, ಆನೆ ತಡೆಯಲು ಕರೆಂಟು ಹಾಯಿಸಿದ ಸೋಲಾರ್ ಬೇಲಿ ಒಂದೇ. ಅದರ ಯಜಮಾನಿಕೆ ಅವರದು. ಸಂಜೆ ಹುಲ್ಲೆಸಳನ್ನು ತಂತಿಗೆ ತಾಗಿಸುವರು. ಬೆರಳು ಜುಮ್ಮೆಂದರೆ ಕರೆಂಟಿದೆ ಎಂದರ್ಥ. ಒಮ್ಮೆ ಹುಲ್ಲು ಕೀಳಲು ಸೋಮಾರಿತನಪಟ್ಟು ತಂತಿಗೆ ಒದ್ದೆ ಕೈಯನ್ನೇ ಇಟ್ಟು, ಪಂಚೆ ಒಂದು ಕಡೆ, ತಾವೊಂದು ಕಡೆ ಬಿದ್ದರು. ನಾನು "ಅಯ್ಯೋ ಮಂಜುನಾಥಾ!" ಎಂದು ಓಡಿದರೆ ಬಿದ್ದಲ್ಲಿಂದಲೇ ನಗುತ್ತಾರೆ: "ಜೋರಾಗೈತೆ ಕಣಮ್ಮ! ಆನೆ ಬರಾಕಿಲ್ಲ, ನಿಶ್ಚಿಂತೆಯಾಗಿರು."

ಒಂದು ವರ್ಷ ಭತ್ತ ಹಾಲುಗಟ್ಟಿದ ಹೊತ್ತಿಗೆ ಹುಲ್ಲು ಜುಮ್ಮೆನ್ನುವುದು ನಿಂತಿತು. ತಂತಿ ಕಬ್ಬಿಣದ ಕಂಬಕ್ಕೆ ತಾಗದಂತೆ ಹಿಡಿದಿದ್ದ ಪ್ಲಾಸ್ಟಿಕ್ ತುಂಡುಗಳು ಬಿಸಿಲಿಗೆ ಸೀಳಿ, ಕರೆಂಟೆಲ್ಲ ಕಂಬದಿಂದ ನೆಲಕ್ಕಿಳಿಯುತ್ತಿತ್ತು. ಆನೆ ಹಿಂಡು ಆಗಲೇ ಮೇಲಿನ ತೋಟದಲ್ಲಿ. ಸಕಲೇಶಪುರಕ್ಕೆ ಹೋಗಿ ಹೊಸ ತುಂಡು ತರುವಷ್ಟರಲ್ಲಿ ನಮ್ಮ ವರ್ಷದ ಅನ್ನ ಆನೆಯ ಹೊಟ್ಟೆಯಲ್ಲಿರುತ್ತಿತ್ತು.

ಮಾವ ಕತ್ತಿ ಹಿಡಿದು ನಮ್ಮ ಅಡುಗೆಮನೆಗೇ ಬಂದರು. "ಪ್ಲಾಸ್ಟಿಕ್ ಏನೈತಮ್ಮ? ಎಲ್ಲ ತೆಗಿ."

ಶಾಂಪೂ ಬಾಟಲಿ, ಒಡೆದ ಬಕೆಟ್ ಕೊಟ್ಟೆ. ಹಳೇ ಕರಿ ಪೈಪು ತೋರಿಸಿದೆ.

"ಅದು ಬ್ಯಾಡ. ಕರಿ ಪೈಪಿಗೆ ಮಸಿ ಬೆರೆಸಿರ್ತಾರೆ. ಒದ್ದೆಯಾದ್ರೆ ಕರೆಂಟ್ನ ಕಂಬಕ್ಕೆ ದಾಟಿಸ್ಬುಡ್ತದೆ, ಮನೆಮುರುಕ!"

ಎಲ್ಲ ಸೇರಿಸಿದರೂ ಕೊನೆಯ ಕಂಬಕ್ಕೆ ಸಾಲಲಿಲ್ಲ. ಅವರ ಕಣ್ಣು ದೇವರ ಮನೆಯತ್ತ ತಿರುಗಿತು. ಅಲ್ಲಿ ಕಾಶಿಯಿಂದ ನಾನೇ ಹೊತ್ತು ತಂದ ಗಂಗೆಯ ಕ್ಯಾನು, ದಪ್ಪ ಬಿಳಿ ಪ್ಲಾಸ್ಟಿಕ್ಕಿನದು.

"ಮಾವ, ಗಂಗಮ್ಮನ್ನೂ ಬಿಡಲ್ವಾ ನೀವು!"

"ಗಂಗಮ್ಮ ಬ್ಯಾಡ ಕಣಮ್ಮ, ಅವಳ ಮನೆ ಕೊಡು ಸಾಕು. ಅವಳನ್ನ ತಾಮ್ರದ ಚೊಂಬಿಗೆ ಕಳಿಸು, ಇನ್ನೂ ಸುಖವಾಗಿರ್ತಾಳೆ."

ತಪ್ಪಾಯ್ತು ತಾಯಿ ಎಂದು ಕೆನ್ನೆ ಬಡಿದುಕೊಂಡು ಗಂಗೆಯನ್ನು ಚೊಂಬಿಗೆ ಬಗ್ಗಿಸಿಕೊಂಡೆ. ಮಾವ ಕ್ಯಾನು ಸೀಳಿ ಕೊನೆಯ ಕಂಬಕ್ಕೂ ತಂತಿಗೂ ನಡುವೆ ಕಟ್ಟಿದರು.

ಮುಸ್ಸಂಜೆಗೆ ಬಂದ ದೊಡ್ಡಾನೆ ಸರಿಯಾಗಿ ಆ ಕಂಬದ ಹತ್ತಿರವೇ ತಂತಿಗೆ ಸೊಂಡಿಲು ನೀಡಿತು. ಘೀಳಿಟ್ಟು ತಿರುಗಿದ್ದೇ ತಡ, ಹಿಂಡೆಲ್ಲ ಅದರ ಹಿಂದೆ.

"ಗಂಗಮ್ಮ ಕಾಪಾಡಿದಳು" ಎಂದೆ.

"ಪ್ಲಾಸ್ಟಿಕ್ ಕಾಪಾಡ್ತು" ಎಂದರು ಮಾವ, ಖಡಾಖಂಡಿತವಾಗಿ.

ಮಾರನೆಯ ಬೆಳಿಗ್ಗೆ ನೋಡಿದರೆ ಆ ಕಂಬಕ್ಕೆ ಅರಿಶಿನ ಕುಂಕುಮ. ನಾನಂತೂ ಹಚ್ಚಿರಲಿಲ್ಲ. ಕೇಳಿದ್ದಕ್ಕೆ, "ಯಾರೋ ಹುಚ್ಚರು ಹಚ್ಚವ್ರೆ ಬುಡು" ಎಂದು ನನ್ನ ಮುಖ ನೋಡದೆ ಮುಂದಿನ ಕಂಬಕ್ಕೆ ನಡೆದರು.

ಅಂದು ಉಳಿದ ಭತ್ತದಿಂದಲೇ ಬಿತ್ತನೆಗೆ ಎತ್ತಿಟ್ಟು ಇಂದಿಗೂ ಬೆಳೆಯುತ್ತಿದ್ದೇವೆ. ಈ ಹೊತ್ತು ಅವರ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಮಣ್ಣು ಮುಗಿಸಿ ಬರುವವರಿಗೆ ನಮ್ಮನೆಯಿಂದಲೇ ಊಟ ಹೋಗಬೇಕು. ಕಣ್ಣೊರೆಸಿಕೊಂಡು ಒಳಗೆ ಹೋಗಿ, ದೊಡ್ಡ ತಪ್ಪಲೆಗೆ ಅಕ್ಕಿ ಅಳೆದು ತೊಳೆಯಲು ಕೂತೆ.