ಒಂದೇ ಸಮ ಬಡಿಯುತ್ತಿದ್ದ ಎದೆ

ತೊಂಬತ್ತರ ದಶಕದ ನಡುವೆ ನಾನು ಶಿಕಾರಿಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುತ್ತಿದ್ದೆ. ಅಕ್ಕನ ಗಂಡ ಸೊರಬದಲ್ಲಿ ಖಾಸಗಿ ಬಸ್ಸಿನ ಡ್ರೈವರ್. ಆನವಟ್ಟಿ ಸಂತೆಯ ದಿನ ಮುಂದಿನ ಟೈರು ಸಿಡಿದು ಅವರ ಬಸ್ಸು ಏರಿಯಿಂದ ಕೆರೆಗೆ ಉರುಳಿತು. ಭಾವ ಕಿಟಕಿಯಿಂದ ಹೊರಬಂದು, ಸಿಕ್ಕವರನ್ನೆಲ್ಲ ದಡಕ್ಕೆ ಎಳೆದರು. ಒಬ್ಬ ಹೆಂಗಸಿನ ಕೈ ಹಿಡಿದಿದ್ದರಂತೆ. ಬಳೆ ಒಡೆದು ಕೈ ಜಾರಿತು. ಅವಳು ಉಳಿಯಲಿಲ್ಲ.

ವಿಚಾರಣೆಯಲ್ಲಿ ಭಾವನ ತಪ್ಪಿಲ್ಲವೆಂದಾಯಿತು. ಆದರೂ ಅವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಬಳೆಯ ಸದ್ದಿಗೆ ಬೆವರುತ್ತಿದ್ದರು. ಅಕ್ಕ ಗಾಜಿನ ಬಳೆ ತೆಗೆದು ಕೈಗೆ ಅರಿಸಿನದ ದಾರ ಕಟ್ಟಿಕೊಂಡಳು. ಬೀದಿಯ ಹೆಂಗಸರು ಅದಕ್ಕೂ ಆಡಿಕೊಂಡರು.

"ಎದೆ ಹೊಡ್ಕಳ್ತದೆ" ಅಂದಾಗ ಅಕ್ಕ ಅವರನ್ನು ನನ್ನಲ್ಲಿಗೆ ಕರೆತಂದಳು. ಇಸಿಜಿಯ ಉದ್ದದ ಕಾಗದದ ಪಟ್ಟಿಯನ್ನೇ ತೆಗೆದೆ. ಡ್ಯೂಟಿ ಡಾಕ್ಟರು ನಾರ್ಮಲ್ ಎಂದು ಬರೆದರು.

"ಏನೂ ಇಲ್ಲ ಭಾವ. ನೀವೇ ಧೈರ್ಯ ತಗಬೇಕು," ಎಂದೆ.

ಆ ಮಾತು ಊರಿಗೆ ಮುಟ್ಟಿತು. ದುಡಿಯಲು ಮನಸ್ಸಿಲ್ಲ, ನಾಟಕ ಎಂದರು ಜನ. ಭಾವ ಹೇಳಿಕೊಳ್ಳುವುದನ್ನೇ ಬಿಟ್ಟರು.

ಕೆಲವು ತಿಂಗಳ ಮೇಲೆ, ಶಿವಮೊಗ್ಗದಿಂದ ಗುರುವಾರ ಬರುತ್ತಿದ್ದ ವಯಸ್ಸಾದ ಡಾಕ್ಟರಿಗೆ, ನಾನು ಎತ್ತಿಟ್ಟಿದ್ದ ಆ ಪಟ್ಟಿ ತೋರಿಸಿದೆ. ಅವರು ಡಿವೈಡರ್ ಇಟ್ಟು ಬಡಿತ ಬಡಿತದ ನಡುವಿನ ಅಂತರ ಅಳೆದರು.

"ನೋಡಮ್ಮ, ಉಸಿರು ಎಳೆದಾಗ ಬಡಿತ ಚೂರು ಬೇಗ ಆಗ್ಬೇಕು, ಬಿಟ್ಟಾಗ ನಿಧಾನ. ಇವರಿಗೆ ಆ ಏರಿಳಿತವೇ ಇಲ್ಲ, ಒಂದೇ ಸಮ ಹೊಡೀತಿದೆ. ಇದೊಂದರಿಂದ ಕಾಯಿಲೆ ಹೇಳಕ್ಕಾಗಲ್ಲ. ಆದ್ರೆ ದೊಡ್ಡ ಭಯ ಕಂಡವರಲ್ಲಿ ಹೀಗಾಗೋದುಂಟು. ಮನಸ್ಸಿನ ಡಾಕ್ಟರಿಗೆ ತೋರಿಸಿ."

ಭಾನುವಾರ ಸೊರಬಕ್ಕೆ ಹೋದೆ. ಭಾವ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಕೊಡಲಿ ಕೆಳಗಿಟ್ಟರು.

"ಹಂಗಾರೆ ನಾ ನಾಟ್ಕ ಮಾಡ್ತಿರ್ಲಿಲ್ಲ, ಅಲ್ವನೇ?"

"ಇಲ್ಲ ಭಾವ. ತಪ್ಪು ಹೇಳಿದ್ದು ನಾನು."

ಸೌದೆಯ ರಾಶಿಯ ಮೇಲೆ ಕೂತು, ಮುಖ ಮುಚ್ಚದೆ ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶಿವಮೊಗ್ಗದ ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆಗಳಿಂದ ನಿದ್ದೆ ಬಂತು. ಅಕ್ಕನೊಂದಿಗೆ ಗದ್ದೆಗೆ ಹೋಗುವಷ್ಟಾದರು. ಭಯ ಮಾತ್ರ ಪೂರ್ತಿ ಬಿಡಲಿಲ್ಲ. ಬಸ್ಸು ಉರುಳಿ ಎರಡು ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಬಚ್ಚಲ ಮುಂದೆ ಕುಸಿದವರು ಮತ್ತೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು. ಕೆರೆಗೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಮೊದಲ ದಿನ ನಾನಾಡಿದ ಮಾತನ್ನು ಅಕ್ಕ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.