ಚಂದ್ರಮತಿಯಮ್ಮ ಗೋಡೆ ಒಡೆದದ್ದು

ದೇವರಾಜ ಮೊಹಲ್ಲಾದ ಒಂದು ಅಡ್ಡರಸ್ತೆಯಲ್ಲಿ, ಮಾರ್ಕೆಟ್ಟಿನ ಹೂವಿನ ಸಾಲಿಗೆ ಕೂಗಳತೆಯಷ್ಟು ಹತ್ತಿರ, ಲಕ್ಷ್ಮೀನರಸಿಂಹಯ್ಯನವರ ಮನೆಯಿತ್ತು. ಅವರ ತಾತ ಅರಮನೆಯ ಚಾಕರಿಯಲ್ಲಿದ್ದಾಗ ಕಟ್ಟಿಸಿದ್ದು. ತೇಗದ ತೊಲೆ, ಸಾಲು ಜಂತೆ, ಅದರ ಮೇಲೆ ಇಟ್ಟಿಗೆ ಗಾರೆಯ ತಾರಸಿ. ಚಂದ್ರಮತಿ ನಂಜನಗೂಡಿನಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಹದಿನಾರು ವರ್ಷ. ಈ ಕಥೆ ನಡೆದಾಗ ನಲವತ್ತು ದಾಟಿತ್ತು. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ಗಂಡ, ಅತ್ತೆ, ತಾವು, ಮೂವರೇ.

ಲಕ್ಷ್ಮೀನರಸಿಂಹಯ್ಯ ಅರಮನೆಯ ಕಚೇರಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದರು. ಅಕ್ಷರ ಮುತ್ತು ಪೋಣಿಸಿದಂತೆ, ಮಾತು ಮೆತ್ತಗೆ. ಆದರೆ ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೆ ಪಂಚಾಂಗ ನೋಡಿ, ಆಮೇಲೆ ಮರೆತುಬಿಡುವ ಮನುಷ್ಯ. ಹಾಗಾಗಿ ಮನೆಯ ಸುತ್ತಿಗೆ ಮೊದಲಿನಿಂದಲೂ ಚಂದ್ರಮತಿಯಮ್ಮನ ಕೈಯಲ್ಲೇ ಇತ್ತು. ಕೀಲು ಸಡಿಲವಾದ ಬಾಗಿಲು, ಉರಿಯದ ಸೀಮೆಎಣ್ಣೆ ಸ್ಟವ್, ಕಡ್ಡಿ ಮುರಿದ ಛತ್ರಿ, ಯಾವುದನ್ನೂ ಆಕೆ ಕೆಟ್ಟದ್ದು ಕೆಟ್ಟ ಹಾಗೇ ಇರಲಿ ಎಂದು ಬಿಟ್ಟವರಲ್ಲ. ಬಿಚ್ಚಿ ಒಳಗೇನಿದೆ ಎಂದು ನೋಡಿದ ಮೇಲೆಯೇ ಸಮಾಧಾನ.

ಆಕೆಯ ಕೈಗೂ ಜಗ್ಗದೆ ಉಳಿದದ್ದೆಂದರೆ ಅತ್ತೆಯ ಕೋಣೆಯ ಗೋಡೆ. ಅದು ಬೀದಿಯ ಪಕ್ಕದ ಗೋಡೆ. ಮಳೆಗಾಲ ಬಂತೆಂದರೆ ಉಬ್ಬಿ, ಬೆವರಿ, ಉಪ್ಪು ಕಕ್ಕುತ್ತಿತ್ತು. ದಸರಾಕ್ಕೆ ಸುಣ್ಣ ಹೊಡೆಸಿದರೆ ಸಂಕ್ರಾಂತಿಯ ಹೊತ್ತಿಗೆ ಹೊಪ್ಪಳಿಕೆ ಎದ್ದು ಉದುರುತ್ತಿತ್ತು. ನೋಡಿದ ಮೇಸ್ತ್ರಿಗಳೆಲ್ಲ ನೆಲದ ಶೀತ ಏರುತ್ತಿದೆ ಎಂದರು. ಒಬ್ಬನಂತೂ ಮೊಣಕಾಲೆತ್ತರಕ್ಕೆ ಸಿಮೆಂಟು ಬಳಿದು ಹೋದ. ಮರುವರ್ಷ ಸಿಮೆಂಟಿನ ಭಾಗ ಒಣಗಿಯೇ ಇತ್ತು. ಅದರ ಮೇಲಿನದು ಮೊದಲಿಗಿಂತ ಹೆಚ್ಚು ನೆನೆದಿತ್ತು. ಇನ್ನೊಬ್ಬ ಬಂದು, ಗೋಡೆಯನ್ನೇ ಕೆಡವಿ ಹೊಸದಾಗಿ ಕಟ್ಟಬೇಕು ಎಂದ.

ಸಾವಿರದ ಒಂಬೈನೂರ ಐವತ್ತಾರರ ಮಳೆಗಾಲದಲ್ಲಿ ಅತ್ತೆಯ ಕೆಮ್ಮು ಜೋರಾಯಿತು. ಆ ಕೋಣೆ ಬಿಡಿಸಿ ಎಂದರು ಡಾಕ್ಟರು. ಅತ್ತೆ ಒಪ್ಪಲಿಲ್ಲ. ಐದು ಹೆರಿಗೆ ಆದ ಕೋಣೆ, ಗಂಡ ಕಣ್ಣು ಮುಚ್ಚಿದ ಕೋಣೆ. ಬಿಟ್ಟು ನಡುಮನೆಯಲ್ಲಿ ಮಲಗಲಾರೆ ಎಂದುಬಿಟ್ಟರು. ಅವರ ಹಟ ಸೊಸೆಗೆ ಗೊತ್ತಿತ್ತು. ಅತ್ತೆಯನ್ನು ಕದಲಿಸುವುದಕ್ಕಿಂತ ಗೋಡೆಯನ್ನು ಒಣಗಿಸುವುದೇ ಸುಲಭ ಎಂದು ಆಕೆ ಅಂದೇ ತೀರ್ಮಾನಿಸಿದರು.

ಮೊದಲು ಮಾಡಿದ ಕೆಲಸ, ಸುಮ್ಮನೆ ನೋಡಿದ್ದು. ಒಂದು ಇದ್ದಿಲ ಚೂರು ಹಿಡಿದು ಒದ್ದೆಯ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಮಳೆ ಬಂದ ಮರುದಿನ ಮತ್ತೊಂದು ಗೆರೆ. ಹದಿನೈದು ದಿನದಲ್ಲಿ ಗೋಡೆ ತುಂಬ ಗೆರೆಗಳಾದವು. ಬಂದುಹೋಗುವ ನೆಂಟರೆಲ್ಲ ಅದೇನೆಂದು ಕೇಳುತ್ತಿದ್ದರು. ಲಕ್ಷ್ಮೀನರಸಿಂಹಯ್ಯ ನಾಚಿಕೊಂಡು ಮಾತು ತೇಲಿಸುತ್ತಿದ್ದರು. ಆದರೆ ಗೆರೆಗಳು ಒಂದು ಸಂಗತಿ ಹೇಳುತ್ತಿದ್ದವು. ಶೀತ ನೆಲದಿಂದ ಏರುತ್ತಿದ್ದರೆ ಬುಡ ಹೆಚ್ಚು ಒದ್ದೆಯಾಗಬೇಕಿತ್ತು. ಇಲ್ಲಿ ಎದೆಯ ಮಟ್ಟದಲ್ಲಿ ಶುರುವಾಗಿ ಕೆಳಗೂ ಮೇಲಕ್ಕೂ ಹರಡುತ್ತಿತ್ತು.

ತಾರಸಿಯ ಮೂಲೆಯಲ್ಲಿ ಮಳೆನೀರು ಇಳಿಯುವ ಬಾಯಿಯಿತ್ತು. ಆ ನೀರು ಕೆಳಗೆ ಬೀದಿಯ ಚರಂಡಿಯ ಪಕ್ಕ ಹೊರಬೀಳುತ್ತಿತ್ತು. ನಡುವೆ ಎಲ್ಲಿ ಹಾದುಬರುತ್ತದೆಂದು ಮನೆಯಲ್ಲಿ ಯಾರೂ ಯಾವತ್ತೂ ಯೋಚಿಸಿದವರಲ್ಲ. ಮಳೆ ನಿಂತು ಬಿಸಿಲು ಕಾದ ಒಂದು ಪುಷ್ಯಮಾಸದ ಬೆಳಗ್ಗೆ ಚಂದ್ರಮತಿಯಮ್ಮ ಬಟ್ಟೆಗೆ ಹಾಕುವ ನೀಲಿಯನ್ನು ಎಂಟು ಕೊಡ ನೀರಿಗೆ ಕದಡಿ, ಒಂದೊಂದೇ ಕೊಡ ಹೊತ್ತು ಮೇಲೆ ಹೋಗಿ ಆ ಬಾಯಿಗೆ ಸುರಿದರು. ಚರಂಡಿಗೆ ಬಂದದ್ದು ಅರ್ಧಕ್ಕಿಂತ ಕಮ್ಮಿ. ಮರುದಿನ ಸಂಜೆಯ ಹೊತ್ತಿಗೆ ಅತ್ತೆಯ ಮಂಚದ ತಲೆಯ ಮೇಲೆ, ಗೋಡೆಯಲ್ಲಿ, ತೆಳ್ಳಗೆ ನೀಲಿ ಬಣ್ಣ ಮೂಡಿತು.

ಅತ್ತೆ ಅದನ್ನು ದಿಟ್ಟಿಸಿ ನೋಡಿ, ನೆನಪು ಮಾಡಿಕೊಂಡು ಹೇಳಿದರು: "ನಮ್ಮ ಮಾವನೋರಿಗೆ ಕೊಳವೆ ಬೀದಿಗೆ ಕಾಣಬಾರದು ಅಂತಿತ್ತು ಕಣೆ. ಗೋಡೆಯೊಳಗೇ ಇಡಿಸಿದ್ದರು. ಮನೆ ನೋಡೋಕೆ ಚೆನ್ನಾಗಿರಲಿ ಅಂತ."

ಮರುದಿನ ಗಂಡ ಕಚೇರಿಗೆ ಹೋದ ಮೇಲೆ ಆಕೆ ಸೆರಗು ಸಿಕ್ಕಿಸಿ, ಉಳಿ ಸುತ್ತಿಗೆ ಹಿಡಿದು ನೀಲಿ ಮೂಡಿದ ಜಾಗಕ್ಕೆ ಏಟು ಹಾಕಿದರು. ಹಳೆಯ ಗಾರೆ ಗಟ್ಟಿ. ಒಂದು ಗೇಣು ಅಗಲ ಬಿಡಿಸಲು ಮಧ್ಯಾಹ್ನವಾಯಿತು. ಒಳಗೆ ಸುಟ್ಟ ಮಣ್ಣಿನ ಕೊಳವೆ ಸಿಕ್ಕಿತು. ಅದು ಉದ್ದಕ್ಕೆ ಸೀಳಿತ್ತು. ಸೀಳಿನೊಳಗೆ ಕೂದಲಿನ ಹಾಗೆ ಬೇರು ತುಂಬಿತ್ತು. ತಾರಸಿಯ ಕೈಪಿಡಿ ಗೋಡೆಯಲ್ಲಿ ಚಿಗುರಿದ್ದ ಒಂದು ಅರಳಿಯ ಸಸಿ, ಮೇಲೆ ಮೊಳದುದ್ದವಿದ್ದರೂ, ಒಳಗೆ ಎರಡಾಳುದ್ದ ಇಳಿದಿತ್ತು.

ಬೇರಿನ ಜಾಡು ಹಿಡಿದು, ಏಣಿ ಹತ್ತಿ, ಮೇಲಕ್ಕೆ ಒಡೆಯುತ್ತ ಹೋದ ಆಕೆಯ ಉಳಿ, ತೊಲೆಯ ತುದಿ ಗೋಡೆಯಲ್ಲಿ ಹುದುಗಿದ್ದ ಜಾಗ ಮುಟ್ಟಿತು. ಮರವೆಂದು ತಿಳಿದು ಜೋರಾಗಿ ಒತ್ತಿದರೆ ಉಳಿ ಹಿಡಿಯವರೆಗೂ ನುಗ್ಗಿತು. ತೊಲೆಯ ತುದಿ ಕೊಳೆತು ಹಿಂಡಿಯಂತಾಗಿತ್ತು. ಹೊರಗಿನ ಬಣ್ಣ ಮಾತ್ರ ಹಾಗೇ ಇತ್ತು.

ಆ ತೊಲೆಯ ನೇರಕ್ಕೆ ಕೆಳಗೆ ಅತ್ತೆಯ ಮಂಚ. ಇಷ್ಟು ದಿನ ಕೆಮ್ಮಿಗೆ ಹೆದರಿದ್ದೆವಲ್ಲ, ಭಯಪಡಬೇಕಾದದ್ದು ತಲೆಯ ಮೇಲಿತ್ತಲ್ಲ ಎಂದುಕೊಂಡರು. ಕೆಳಗಿಳಿದು ಅತ್ತೆಯ ಕೈ ಹಿಡಿದು, ಇವತ್ತು ಒಂದು ದಿನ ನಡುಮನೆಗೆ ಬನ್ನಿ ಎಂದಷ್ಟೇ ಅಂದರು. ಸೊಸೆಯ ಮುಖ ನೋಡಿದ ಮುದುಕಿ ಹಟ ಬಿಟ್ಟು ಎದ್ದು ಬಂದರು. ಕತ್ತಲಾಗುವ ಮೊದಲೇ ಚಂದ್ರಮತಿಯಮ್ಮ ಮರದ ಡಿಪೋದಿಂದ ನಾಲ್ಕು ಸರ್ವೆ ಕಂಬ ತರಿಸಿ, ತೊಲೆಯ ಗಟ್ಟಿ ಭಾಗಕ್ಕೆ ಆನಿಸಿ, ಬುಡಕ್ಕೆ ಬೆಣೆ ಬಡಿದು ನಿಲ್ಲಿಸಿದ್ದರು.

ಕಚೇರಿಯಿಂದ ಬಂದ ಲಕ್ಷ್ಮೀನರಸಿಂಹಯ್ಯ ಒಡೆದ ಗೋಡೆಯ ಮುಂದೆ ರುಮಾಲನ್ನೂ ತೆಗೆಯದೆ ನಿಂತರು. ಆಮೇಲೆ ಕುಳಿತು, ಯಾರಾದರೂ ಒಳ್ಳೆಯ ಮೇಸ್ತ್ರಿಯನ್ನು ಕರೆಸೋಣ ಎಂದರು.

"ಮೇಸ್ತ್ರಿಗಳು ಮೂರು ವರ್ಷ ಗೋಡೆಯ ಹೊರಗೆ ನೋಡಿದರು," ಎಂದರು ಚಂದ್ರಮತಿಯಮ್ಮ. "ನಾನು ಒಳಗೆ ನೋಡಿದ್ದೀನಿ. ನನಗೆ ಬಾರದ್ದು ಗಾರೆ ಕಲೆಸೋದು ಒಂದೇ. ಅದನ್ನ ಕಲೀತೀನಿ."

ದಿನಾ ಬಾಗಿಲಿಗೆ ಹೂವು ತರುತ್ತಿದ್ದ ದೇವಿರಮ್ಮ ಈ ಸುದ್ದಿ ಕೇಳಿದಳು. ಅವಳ ಮನೆ ಬನ್ನಿಮಂಟಪದ ಕಡೆ. ಅಲ್ಲಿ ಅವಳ ನೆರೆಮನೆಯಲ್ಲಿ ಗುರುಸಿದ್ದಯ್ಯ ಎಂಬ ಮುದುಕನಿದ್ದ. ಒಂದು ಕಾಲಕ್ಕೆ ಗಾರೆ ಕೆಲಸದಲ್ಲಿ ಹೆಸರು ಮಾಡಿದವನು. ಈಗ ಮಂಡಿ ಹಿಡಿದು, ಕೈ ನಡುಗಿ, ಮನೆಯಲ್ಲೇ ಕೂತಿದ್ದ. "ಕೆಲ್ಸ ಮಾಡಕ್ಕಾಗಕಿಲ್ಲ ಕಣ್ರಮ್ಮ, ಏಳ್ಕೊಡಕ್ಕಾಯ್ತದೆ," ಎಂದಳು ದೇವಿರಮ್ಮ. ಮರುದಿನ ಜಟಕಾದಲ್ಲಿ ಅವನನ್ನು ಅವಳೇ ಕರೆತಂದಳು.

ಗುರುಸಿದ್ದಯ್ಯ ಗೋಡೆಯ ತೂತನ್ನು ನೋಡಿ ತಲೆದೂಗಿದ. ಆದರೆ ಕಲಿಯುವವರು ಯಾರೆಂದು ತಿಳಿದಾಗ ಹಿಂಜರಿದ. ಸುಣ್ಣ ಕೈ ತಿನ್ನುತ್ತದೆ, ದೊಡ್ಡ ಮನೆತನದ ಹೆಂಗಸರಿಗೆ ಹೇಳಿದ ಕೆಲಸವಲ್ಲ ಎಂದ. ಚಂದ್ರಮತಿಯಮ್ಮ ವಾದ ಮಾಡಲಿಲ್ಲ. ಸುಣ್ಣ ಎಷ್ಟು ದಿನ ನೆನೆಯಬೇಕು ಎಂದು ಕೇಳಿದರು. ಮುದುಕ ಉತ್ತರ ಹೇಳಿದ. ಇನ್ನೊಂದು ಕೇಳಿದರು. ಅದಕ್ಕೂ ಹೇಳಿದ. ಸಂಜೆಯವರೆಗೂ ಹಾಗೇ ನಡೆಯಿತು.

ಕೊಳೆತ ತೊಲೆ ಕುಯ್ಯಲು ಬಡಗಿ ಕೃಷ್ಣಪ್ಪನನ್ನು ಕರೆಸಿದರು. ತಮಗೆ ಬಾರದ್ದನ್ನು ಬಾರದು ಎಂದು ಹೇಳುವುದೂ ಆಕೆಗೆ ಗೊತ್ತಿತ್ತು. ಉಳಿದ ಗಟ್ಟಿ ಭಾಗದ ಕೆಳಗೆ ಗೋಡೆಗೆ ಒತ್ತಿ ಇಟ್ಟಿಗೆಯ ಕಂಬ ಕಟ್ಟಬೇಕೆಂದೂ, ಮರದ ತುದಿಯ ಸುತ್ತ ಗಾಳಿಯಾಡಲು ಎರಡು ಬೆರಳು ಜಾಗ ಬಿಡಬೇಕೆಂದೂ ಗುರುಸಿದ್ದಯ್ಯ ಹೇಳಿಕೊಟ್ಟ. ಆ ಕಂಬವನ್ನು ಆಕೆಯೇ ಕಟ್ಟಿದರು. ದಿನಕ್ಕೆ ನಾಲ್ಕು ವರಸೆ ಇಟ್ಟಿಗೆ, ಪ್ರತಿ ವರಸೆಗೂ ನೆಟ್ಟಗಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟು ನೋಡಿ.

ಅರಳಿಯ ಸಸಿ ಕೀಳುವ ಮಾತು ಬಂದಾಗ ನೆಂಟರು ಬೆಚ್ಚಿದರು. ಅಶ್ವತ್ಥಕ್ಕೆ ಕೈ ಹಾಕಿದ ಮನೆ ಉಳಿಯುವುದಿಲ್ಲ ಎಂದು ಒಬ್ಬರು ಹೆದರಿಸಿಯೂ ಹೋದರು. ಚಂದ್ರಮತಿಯಮ್ಮನಿಗೂ ಒಳಗೊಳಗೆ ಅಳುಕೇ. ಅದನ್ನು ಬಗೆಹರಿಸಿದ್ದು ಅತ್ತೆ. ಮಡಿಯುಟ್ಟು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ತಾರಸಿ ಹತ್ತಿ, ಸಸಿಗೆ ನೀರು ಹಾಕಿ ಕೈಮುಗಿದು, ಬೇರು ಸಿಕ್ಕಷ್ಟು ಉಳಿಸಿ ಕಿತ್ತುಕೊಡು ಎಂದರು. ಅದನ್ನು ಬೀದಿಯ ಕೊನೆಯ ಗುಡಿಯ ಹಿಂದೆ ನೆಡಿಸಿ ಬಂದ ಮೇಲೆ ಯಾರೂ ಆ ವಿಷಯ ಎತ್ತಲಿಲ್ಲ.

ಗೋಡೆಯ ಗಾರೆ ಮಾತ್ರ ಮೊದಲ ಸಲ ಕೆಟ್ಟಿತು. ಮಳೆಗೆ ಮುಂಚೆ ಮುಗಿಸುವ ಅವಸರದಲ್ಲಿ ಆಕೆ ಸುಣ್ಣವನ್ನು ಐದೇ ದಿನ ನೆನೆಸಿ ಬಳಿದುಬಿಟ್ಟಿದ್ದರು. ಮೂರನೆಯ ದಿನ ಗೋಡೆ ತುಂಬ ಜೇಡರ ಬಲೆಯಂತೆ ಬಿರುಕು. ಗುರುಸಿದ್ದಯ್ಯ ಬೆರಳಲ್ಲಿ ತಟ್ಟಿ ನೋಡಿ, "ಎಲ್ಲಾ ಕೆರೀಬೇಕು ತಾಯಿ," ಎಂದ. ಆಕೆ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಕಣ್ಣೊರೆಸಿಕೊಂಡು ಬಂದು ಕೆರೆಯತೊಡಗಿದರು.

ಎರಡನೆಯ ಸಲ ಸುಣ್ಣ ತಿಂಗಳು ನೆನೆಯಿತು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಒರಳಲ್ಲಿ ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ, ಬೆಲ್ಲದ ನೀರೂ ಅಳಲೆಕಾಯಿ ನೆನೆಸಿದ ನೀರೂ ಬೆರೆಸಿ, ಬೆಣ್ಣೆಯಂತಾಗುವವರೆಗೆ ರುಬ್ಬಿದರು. ಬೆರಳ ಸಂದುಗಳು ಬಿರಿದವು. ಒಬ್ಬರ ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ, ಕುಂಕುಮ ಕೊಡುವಾಕೆ ಆ ಬೆರಳುಗಳನ್ನು ನೋಡಿ ಮುಖ ತಿರುವಿದಳಂತೆ. ಮನೆಗೆ ಬಂದು ಅದನ್ನು ಗಂಡನಿಗೆ ಹೇಳಿದರು. ಲಕ್ಷ್ಮೀನರಸಿಂಹಯ್ಯ ಕೊಬ್ಬರಿ ಎಣ್ಣೆಯ ಬಟ್ಟಲು ತಂದು, ಹೆಂಡತಿಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿಗೂ ಹಚ್ಚಿದರು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಹೊಸ ಕೊಳವೆಯನ್ನು ಆಕೆ ಗೋಡೆಯ ಹೊರಗೇ ಇಳಿಸಿದರು. ಬೀದಿಗೆ ಕಂಡರೆ ಕಾಣಲಿ, ಒಡೆದರೆ ಗೊತ್ತಾಗುತ್ತದಲ್ಲ ಎಂದರು. ತಮ್ಮ ಮಾವನ ಮಾತು ಮುರಿದದ್ದಕ್ಕೆ ಅತ್ತೆಯೂ ಬೇಸರಿಸಲಿಲ್ಲ.

ಆ ಸಲದ ಆಷಾಢದಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ದೇವಿರಮ್ಮನ ಜೊತೆ ಗುರುಸಿದ್ದಯ್ಯ ಬಂದ. ಗೋಡೆಯನ್ನು ಕೈಯಿಂದ ಸವರಿದ. ಕೈಯ ಮೇಲೆ ನಂಬಿಕೆ ಸಾಲದೆ ಕೆನ್ನೆ ಒತ್ತಿ ನಿಂತ. "ನನ್ನ ಕೈ ಓಗ್ಬುಟ್ತು ಅಂದ್ಕಂಡಿದ್ದೆ," ಎಂದ. ಹೊರಗೆ ಜಗಲಿಯಲ್ಲಿ ಹೋಗಿ ಕೂತ. ಅತ್ತೆ ಮತ್ತೆ ತಮ್ಮ ಕೋಣೆಗೆ ಬಂದರು. ಇನ್ನೂ ಐದು ವರ್ಷ ಬದುಕಿದ್ದು ಅಲ್ಲೇ. ಕೆಮ್ಮು ಪೂರ್ತಿ ಹೋಗದಿದ್ದರೂ ಮಳೆಗಾಲಕ್ಕೆ ಹೆದರುವುದು ತಪ್ಪಿತು.

ಆಮೇಲೆ ಮೊಹಲ್ಲಾದಲ್ಲಿ ಯಾರ ಗೋಡೆ ಬೆವರಿದರೂ ಚಂದ್ರಮತಿಯಮ್ಮನಿಗೆ ಕರೆ ಬರುತ್ತಿತ್ತು. ಅಂದು ಮುಖ ತಿರುವಿದಾಕೆಯ ಮನೆಯಿಂದಲೂ ಬಂತು; ಆಕೆ ಹೋದರು. ತಟ್ಟಿ ಶಬ್ದ ಕೇಳುವರು, ಮೂಸುವರು, ತಾರಸಿ ಹತ್ತುವರು. ದೇವಿರಮ್ಮನ ಮಣ್ಣಿನ ಗೋಡೆಯ ಮನೆಗಂತೂ ಎರಡು ವಾರ ನಡೆದುಹೋಗಿ ನೀರು ಒಳನುಗ್ಗುತ್ತಿದ್ದ ಜಾಗ ಹುಡುಕಿ ಸರಿಪಡಿಸಿದರು. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಒಂದೇ ಕರಾರು: ಗಾರೆಯನ್ನು ಆ ಮನೆಯವರೇ ತಮ್ಮ ಕೈಯಿಂದ ಕಲೆಸಬೇಕು.

ಕೇಳಿಕೊಂಡು ಬರುವವರು ಹೆಚ್ಚಾದಾಗ, ನಿವೃತ್ತರಾಗಿದ್ದ ಲಕ್ಷ್ಮೀನರಸಿಂಹಯ್ಯ ಹೆಂಡತಿ ಹೇಳುವುದನ್ನೆಲ್ಲ ಬರೆದು ಪ್ರತಿ ಮಾಡಿಕೊಡುವ ಕೆಲಸ ಹಿಡಿದರು. ಅರವತ್ತಮೂರರ ಬೇಸಿಗೆಯಲ್ಲಿ ಮೊದಲ ಪ್ರತಿ ಸಿದ್ಧವಾಯಿತು. ಅರಮನೆಯ ಅಭ್ಯಾಸ ಬಿಡದೆ ಅವರು "ಭಿತ್ತಿಯಲ್ಲಿ ಜಲಾಂಶವು ಗೋಚರಿಸಿದೊಡನೆ" ಎಂದು ಶುರು ಮಾಡಿದ್ದರು. ಚಂದ್ರಮತಿಯಮ್ಮ ಓದಿಸಿ ಕೇಳಿದರು. ಇದು ದೇವಿರಮ್ಮನಿಗೆ ಅರ್ಥವಾಗುತ್ತದೆಯೇ ಎಂದು ವಿಚಾರಿಸಿದರು. ಆಗಲಾರದು ಎಂದು ಅವರು ಒಪ್ಪಿಕೊಂಡರು. ಹೊಸ ಹಾಳೆ ತೆಗೆದು, ಲೇಖನಿ ಮಸಿಯಲ್ಲದ್ದಿ, ಹೇಳು ಎಂದು ಹೆಂಡತಿಯ ಮುಖ ನೋಡಿದರು.

"ಗೋಡೆ ಒದ್ದೆ ಇದ್ದರೆ ಮೊದಲು ಸುಣ್ಣ ಹೊಡೀಬೇಡಿ, ಅಂತ ಬರೀರಿ," ಎಂದರು ಆಕೆ. ಅವರು ಹಾಗೆಯೇ ಬರೆದರು.